ಮೂರು ದಿನದ ಸುಣ್ಣದ ಗೆರೆ

“ಗುರುಗಳೇ, ಎಲ್ಲರೂ ನೋಡಿ ಒಪ್ಪಬೇಕೆಂದರೆ ಕೆಲಸ ನಿಂತುಹೋಗುತ್ತದೆ. ಕೆಲವರು ನೋಡಿದರೆ ಸಾಕೆಂದರೆ ನಂಬಿಕೆ ಹೋಗುತ್ತದೆ. ಎರಡೂ ಉಳಿಯುವ ದಾರಿ ಇದೆಯೇ?”

ಹೀಗೆ ಕೇಳಿದವಳು ಶಾಂಭವಿ. ಕೇಳಿಸಿಕೊಂಡವರು ಅಡವಯ್ಯನವರು, ಹಿಂದೆ ಅವಳಿಗೆ ಗಣಿತ ಕಲಿಸಿದವರು.

ಶಾಂಭವಿ ನೇಕಾರರ ಸಂಘಗಳಿಗಾಗಿ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಯುತ್ತಿದ್ದಳು. ಅದು ಯಂತ್ರವೇ ತಾನಾಗಿ ನಡೆಸುವ ಕರಾರು. ಯಾವ ಸಂಘಕ್ಕೆ ಯಾವಾಗ ಎಷ್ಟು ನೂಲು ಎಂಬ ಷರತ್ತು ಪೂರೈಸಿದ ಕೂಡಲೇ ಉಗ್ರಾಣದಿಂದ ನೂಲು ಬಿಡುಗಡೆಯಾಗುತ್ತದೆ. ಯಾವ ಅಧಿಕಾರಿಯ ಸಹಿಯೂ ಬೇಡ. ಕರಾರು ಇರುವುದು ಸಾರ್ವಜನಿಕ ಬ್ಲಾಕ್‌ಚೈನ್ ಮೇಲೆ, ಅಂದರೆ ಯಾರೊಬ್ಬರ ಒಡೆತನಕ್ಕೂ ಸೇರದೆ ಸಾವಿರಾರು ಯಂತ್ರಗಳು ಒಟ್ಟಿಗೆ ಕಾಯುವ ದಾಖಲೆಯ ಮೇಲೆ. ಒಂಬತ್ತು ಸಂಘಗಳಿದ್ದಾಗ ಎಲ್ಲವೂ ಸರಾಗವಾಗಿತ್ತು. ಈಗ ಮುನ್ನೂರು ಸಂಘಗಳು ಸೇರಲು ಬಂದಿದ್ದವು. ಒಂದೊಂದು ಬೇಡಿಕೆಯನ್ನೂ ಒಂದೊಂದು ಯಂತ್ರವೂ ಪರೀಕ್ಷಿಸಬೇಕು. ಉಗ್ರಾಣದಲ್ಲಿ ನೂಲಿತ್ತು, ಮಗ್ಗಗಳು ಕಾಯುತ್ತಿದ್ದವು.

ಅಡವಯ್ಯನವರು “ನೀನು ಕೇಳಿದ್ದನ್ನೇ ಒಂದು ಕೆರೆಯ ಕೆಳಗಿನ ಜನರೂ ಕೇಳಿಕೊಂಡಿದ್ದರು” ಎಂದು ಹೇಳಿ, ಈ ಕತೆಯನ್ನು ಶುರುಮಾಡಿದರು.

ಒಂದು ಗುಡ್ಡದ ಬುಡದಲ್ಲಿ ದೊಡ್ಡ ಕೆರೆಯಿತ್ತು. ಅದರ ನೀರು ನಾಲ್ಕು ಊರುಗಳಿಗೆ ಸೇರಿದ್ದು. ತೂಬಿನ ಬಾಗಿಲು ತೆಗೆದು ಮುಚ್ಚುವುದು ಒಬ್ಬ ನೀರುಗಂಟಿಯ ಕೆಲಸ. ಒಳ್ಳೆಯವನೆಂದೇ ಅವನನ್ನು ಆರಿಸಿದ್ದರು. ಹದಿನೈದು ವರ್ಷ ಅವನು ಒಳ್ಳೆಯವನಾಗಿಯೇ ಇದ್ದ. ಹದಿನಾರನೆಯ ವರ್ಷ ಅವನ ಮಗಳನ್ನು ಮೇಲಿನ ಊರಿಗೆ ಕೊಟ್ಟರು. ಆ ವರ್ಷ ಮೇಲಿನ ಊರಿನ ಗದ್ದೆಗಳಲ್ಲಿ ನೀರು ನಿಂತಿತು. ಕೆಳಗಿನ ಮೂರು ಊರುಗಳ ಬತ್ತ ಹಾಲು ಕಟ್ಟುವ ಹೊತ್ತಿಗೆ ಬಾಡಿತು. ಕೇಳಲು ಹೋದವರಿಗೆ ಅವನು, “ನಾನು ಎಲ್ಲರಿಗೂ ಸಮನಾಗಿಯೇ ಬಿಟ್ಟಿದ್ದೇನೆ” ಎಂದ. ಅಲ್ಲವೆಂದು ತೋರಿಸಲು ಯಾರ ಹತ್ತಿರವೂ ಏನೂ ಇರಲಿಲ್ಲ.

ನಾಲ್ಕೂ ಊರಿನವರು ಸೇರಿದರು. ಇನ್ನು ಮೇಲೆ ಬಾಗಿಲು ಯಾರ ಕೈಯಲ್ಲೂ ಇರಬಾರದು ಎಂದು ತೀರ್ಮಾನಿಸಿದರು. ಒಬ್ಬ ಬಡಗಿ ಅದಕ್ಕೆ ಉಪಾಯ ಹುಡುಕಿಕೊಟ್ಟ. ಬಾಗಿಲಿಗೆ ನಾಲ್ಕು ಗೂಟ ಬಡಿದ, ಊರಿಗೊಂದು. ನಾಲ್ಕು ಊರಿನವರೂ ಬಂದು, ಯಾರ ಸರದಿ, ಎಷ್ಟು ನೀರು ಎಂಬುದನ್ನು ಕಣ್ಣಾರೆ ನೋಡಿ, ತಂತಮ್ಮ ಗೂಟ ಕಿತ್ತರೆ ಮಾತ್ರ ಬಾಗಿಲು ಏಳುತ್ತಿತ್ತು. ಮುಚ್ಚುವುದಕ್ಕೆ ಯಾರೂ ಬೇಕಿರಲಿಲ್ಲ. ಪಕ್ಕದ ತೊಟ್ಟಿಯಲ್ಲಿ ತಳಕ್ಕೆ ಸಣ್ಣ ತೂತಿರುವ ಮಣ್ಣಿನ ಬಟ್ಟಲನ್ನು ತೇಲಬಿಡುತ್ತಿದ್ದರು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಬಟ್ಟಲಿನ ಹೊತ್ತು ಆಯಿತೆಂದು ಅರ್ಥ. ಸರದಿಯ ಕೊನೆಯ ಬಟ್ಟಲು ಮುಳುಗುವಾಗ ಅದಕ್ಕೆ ಕಟ್ಟಿದ ದಾರ ಜಗ್ಗಿ ಬಾಗಿಲು ತಾನಾಗಿಯೇ ಬೀಳುತ್ತಿತ್ತು. ಯಾರು ಕೂಗಿದರೂ ಯಾರು ಅತ್ತರೂ ಅದು ನಿಲ್ಲುತ್ತಿರಲಿಲ್ಲ. ಈ ಕಟ್ಟಳೆಯನ್ನು ಏರಿಯ ಮೇಲೆ ಒಂದು ಚಪ್ಪಡಿಯಲ್ಲಿ ಕೊರೆಸಿದರು. ಅದನ್ನು ಬದಲಾಯಿಸಬೇಕಾದರೆ ಎಲ್ಲ ಊರುಗಳೂ ಒಪ್ಪಬೇಕು.

ನೀರು ಸರಿಯಾಗಿ ಹರಿಯಿತು. ಜಗಳ ನಿಂತಿತು. ಸುದ್ದಿ ಕೇಳಿ ಅಕ್ಕಪಕ್ಕದ ಊರುಗಳೂ ಬಂದವು. ಕೆರೆಯನ್ನು ದೊಡ್ಡದು ಮಾಡಿದರು, ಕಾಲುವೆಯನ್ನು ಉದ್ದ ಮಾಡಿದರು, ಅದಕ್ಕೆ ಐದು ಕವಲು ತೆಗೆದರು. ಕೆಲವೇ ವರ್ಷಗಳಲ್ಲಿ ಇಪ್ಪತ್ತಾರು ಊರುಗಳಾದವು. ಬಾಗಿಲಿಗೆ ಇಪ್ಪತ್ತಾರು ಗೂಟಗಳಾದವು.

ಕೊನೆಯ ಊರಿನಿಂದ ಕೆರೆಗೆ ಬರಲು ಅರ್ಧ ದಿನ ನಡೆಯಬೇಕು. ಒಬ್ಬ ಬರುವುದು ತಡವಾದರೆ ಉಳಿದ ಇಪ್ಪತ್ತೈದು ಜನ ಕಾಯಬೇಕು. ಒಬ್ಬನ ಮನೆಯಲ್ಲಿ ಮದುವೆ, ಇನ್ನೊಬ್ಬನಿಗೆ ಜ್ವರ. ಎಲ್ಲರೂ ಸೇರುವ ಹೊತ್ತಿಗೆ ಆ ದಿನದ ಸರದಿಯೇ ಮುಗಿದಿರುತ್ತಿತ್ತು. ಒಂದು ವರ್ಷ ಕೆರೆ ತುಂಬಿತ್ತು, ಆದರೂ ಪೈರು ಒಣಗಿತು. ಜನ ಏರಿಯ ಮೇಲೆ ನಿಂತು ಒಂದು ಕಡೆ ನೀರನ್ನೂ ಇನ್ನೊಂದು ಕಡೆ ಗದ್ದೆಯನ್ನೂ ನೋಡಿದರು.

ಮತ್ತೆ ಸಭೆ ಸೇರಿತು. ಒಬ್ಬ ವರ್ತಕ ಎದ್ದುನಿಂತು, “ನಂಬಿಕಸ್ಥರಾದ ಮೂವರನ್ನು ಆರಿಸಿ ಗೂಟ ಅವರ ಕೈಗೆ ಕೊಡೋಣ. ಕೆಲಸ ಬೇಗ ಆಗುತ್ತದೆ” ಎಂದ.

“ನೀರುಗಂಟಿಯೂ ನಂಬಿಕಸ್ಥನೇ ಆಗಿದ್ದ” ಎಂದು ಒಬ್ಬ ರೈತ ಹೇಳಿದ. ವರ್ತಕ ಕುಳಿತುಕೊಂಡ.

ಅದೇ ಬಡಗಿ ಸಭೆಯಲ್ಲಿದ್ದ. ಮುದುಕನಾಗಿದ್ದ. ಅವನು ಇನ್ನೊಂದು ಉಪಾಯ ಹೇಳಿದ. ಕೆರೆಯ ಬಾಗಿಲಿಗೆ ಕಾಲುವೆಗೊಂದರಂತೆ ಐದೇ ಗೂಟ ಇರಲಿ, ಅದನ್ನು ಹದಿನೈದು ದಿನಕ್ಕೊಮ್ಮೆ ಎತ್ತಿದರೆ ಸಾಕು. ಹರಿಯುವ ನೀರನ್ನು ಐದು ಕಾಲುವೆಯವರೂ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಬಾಗಿಲಲ್ಲಿ ತಾವೇ ಅಳೆದು ತೆಗೆದುಕೊಳ್ಳಲಿ. ಪಕ್ಷದ ಕೊನೆಗೆ ಪ್ರತಿ ಕಾಲುವೆಯಿಂದ ಒಬ್ಬನು ಏರಿಗೆ ಬಂದು, ಇಷ್ಟು ಬಟ್ಟಲು ನೀರು ತೆಗೆದುಕೊಂಡೆವು ಎಂದು ಚಪ್ಪಡಿಯ ಮೇಲೆ ಸುಣ್ಣದಲ್ಲಿ ಒಂದು ಗೆರೆ ಬರೆಯಲಿ. ಸುಣ್ಣದ ಗೆರೆ ಮೂರು ದಿನ ಇರಲಿ. ಆ ಮೂರು ದಿನದೊಳಗೆ ಯಾವ ಊರಿನವರಾದರೂ ಸರಿ, ಬಂದು ಅದು ಸುಳ್ಳೆಂದು ತೋರಿಸಿದರೆ ಗೆರೆಯನ್ನು ಅಳಿಸಬೇಕು, ಸುಳ್ಳು ಬರೆದ ಕಾಲುವೆಗೆ ಮುಂದಿನ ಸರದಿ ಇಲ್ಲ. ದೂರೇ ಸುಳ್ಳಾದರೆ ದೂರು ತಂದವರ ಕಾಲುವೆಗೆ ಸರದಿ ಇಲ್ಲ. ಬಟ್ಟಲಿನ ಬಗ್ಗೆ ತಕರಾರು ಬಂದರೆ ಎಲ್ಲ ಕಾಲುವೆಗಳ ಬಟ್ಟಲುಗಳನ್ನೂ ಒಟ್ಟಿಗೆ ತೇಲಬಿಟ್ಟು, ಹೆಚ್ಚಿನವು ಯಾವುದಕ್ಕೆ ಹೊಂದುತ್ತವೆಯೋ ಅದನ್ನು ಸರಿಯೆಂದು ತಿಳಿಯಬೇಕು. ಮೂರು ದಿನ ಕಳೆದರೆ ಕಲ್ಲುಕುಟಿಗ ಉಳಿ ಹಿಡಿದು ಆ ಗೆರೆಯನ್ನು ಕೊರೆಯುತ್ತಾನೆ. ಕೊರೆದದ್ದು ಕೊರೆದದ್ದೇ.

ಇಪ್ಪತ್ತಾರು ಊರುಗಳೂ ಒಪ್ಪಿದವು. ನೀರು ಮತ್ತೆ ಹೊತ್ತಿಗೆ ಸರಿಯಾಗಿ ಹರಿಯಿತು. ಇನ್ನೂ ನೂರು ಊರು ಸೇರಿದರೂ ತೊಂದರೆಯಿಲ್ಲ ಎಂದು ಜನ ಮಾತಾಡಿಕೊಂಡರು.

ಐದನೆಯ ಕಾಲುವೆಯ ಕೊನೆಯ ಊರಿನಲ್ಲಿ ದುರುಗವ್ವ ಎಂಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ಒಬ್ಬಳು ಮಗಳು. ಹೊಸ ಕಟ್ಟಳೆಗೆ ಬೇಕಾದ ಬಟ್ಟಲುಗಳನ್ನು ಮಾಡಿದವಳು ಅವಳೇ. ಒಂದೇ ಮಣ್ಣು, ಒಂದೇ ತೂಕ, ಒಂದೇ ಸೂಜಿಯಿಂದ ತೂತು. ಹಸಿ ಇರುವಾಗಲೇ ಪ್ರತಿಯೊಂದರ ತಳಕ್ಕೂ ತನ್ನ ಹೆಬ್ಬೆರಳು ಒತ್ತಿದ್ದಳು. ಅಂಥದೇ ಒಂದು ಬಟ್ಟಲನ್ನು ಮಾಡಿ ತನ್ನ ಹತ್ತಿರ ಇಟ್ಟುಕೊಂಡಿದ್ದಳು.

ಬಟ್ಟಲುಗಳನ್ನು ಒಪ್ಪಿಸುವ ದಿನ ಊರ ಹಿರಿಯನೊಬ್ಬ ಕೇಳಿದ: “ದುರುಗವ್ವ, ನಿನ್ನ ಬಟ್ಟಲು ಸುಳ್ಳು ಹೇಳುವುದಿಲ್ಲ ತಾನೆ?”

“ಇವತ್ತು ಹೇಳುವುದಿಲ್ಲ” ಎಂದಳು ಅವಳು. “ತೂತು ಸವೆದರೆ ಬೇಗ ಮುಳುಗುತ್ತದೆ. ಕಟ್ಟಿಕೊಂಡರೆ ತಡವಾಗಿ ಮುಳುಗುತ್ತದೆ. ಆಗಾಗ ನೋಡುತ್ತಿರಬೇಕು.”

ಎಲ್ಲರೂ ತಲೆಯಾಡಿಸಿದರು.

ಮೊದಲ ವರ್ಷ ಎಲ್ಲರೂ ನೋಡಿದರು. ಸುಣ್ಣದ ಗೆರೆ ಬಿದ್ದ ಮೂರೂ ದಿನ ಏರಿಯ ಮೇಲೆ ಜನ ನೆರೆಯುತ್ತಿದ್ದರು. ಒಬ್ಬರ ಬಟ್ಟಲನ್ನು ಇನ್ನೊಬ್ಬರ ಬಟ್ಟಲಿನ ಪಕ್ಕ ತೇಲಿಸಿ ಹೋಲಿಸುತ್ತಿದ್ದರು. ಒಂದು ತಪ್ಪೂ ಸಿಗಲಿಲ್ಲ. ಎರಡನೆಯ ವರ್ಷ ಕಾಲುವೆಗೆ ಒಬ್ಬರಂತೆ ಬಂದರು. ಆಗಲೂ ತಪ್ಪು ಸಿಗಲಿಲ್ಲ. ಉಳುವ ಕಾಲದಲ್ಲಿ ಎರಡು ದಿನ ಕೆಲಸ ಬಿಟ್ಟು ಬಂದವನು, ಬಂದು ನೋಡಿ ಎಲ್ಲ ಸರಿಯಿದೆ ಎಂದು ವಾಪಸು ಹೋಗುವಾಗ, ಇಷ್ಟಕ್ಕೆ ಬರಬೇಕಿತ್ತೇ ಅಂದುಕೊಳ್ಳುತ್ತಿದ್ದ. ಮೂರನೆಯ ವರ್ಷ ಬಂದವಳು ದುರುಗವ್ವ ಒಬ್ಬಳೇ.

ಅವಳನ್ನು ಯಾರೂ ಕಳಿಸಿರಲಿಲ್ಲ. ಬಟ್ಟಲಿನ ಮೇಲೆ ಇರುವುದು ತನ್ನ ಬೆರಳಿನ ಗುರುತು, ಅದಕ್ಕೇ ಹೋಗುತ್ತಿದ್ದಳು. ಒಂದೊಂದು ಪಕ್ಷ ಒಂದೊಂದು ಕಾಲುವೆಗೆ. ಯಾವ ಕಾಲುವೆಗೆ ಎಂದು ಮೊದಲೇ ಯಾರಿಗೂ ಹೇಳುತ್ತಿರಲಿಲ್ಲ. ಹೋದವಳು ತನ್ನ ಬಟ್ಟಲನ್ನು ಅವರ ಬಟ್ಟಲಿನ ಪಕ್ಕದಲ್ಲಿ ತೇಲಿಸಿ ಕುಳಿತುಕೊಳ್ಳುತ್ತಿದ್ದಳು. ಎರಡೂ ಒಟ್ಟಿಗೆ ಮುಳುಗಿದರೆ ಎದ್ದು ಏರಿಗೆ ಹೋಗಿ, ಚಪ್ಪಡಿಯ ಗೆರೆ ನೋಡಿ, ಮನೆಗೆ ಬರುತ್ತಿದ್ದಳು. ತೂತು ಸವೆದಿದ್ದರೆ ಹೊಸ ಬಟ್ಟಲು ಮಾಡಿಕೊಡುತ್ತಿದ್ದಳು.

ಜನರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಬಂದಾಗಲೆಲ್ಲ ಯಾರಾದರೊಬ್ಬರು, “ಇನ್ನೂ ನಂಬಿಕೆ ಬರಲಿಲ್ಲವೇನಮ್ಮಾ?” ಎನ್ನುತ್ತಿದ್ದರು. ಒಂದು ಊರಿನಲ್ಲಿ ಕೂರಲು ಚಾಪೆ ಕೊಡುವುದನ್ನೂ ನಿಲ್ಲಿಸಿದರು. ಅವಳು ನೆಲದ ಮೇಲೆ ಕುಳಿತಳು.

ಮನೆಯಲ್ಲೂ ಮಾತು ಬಂತು. ಪಕ್ಷಕ್ಕೆ ಎರಡು ಮೂರು ದಿನ ಚಕ್ರ ತಿರುಗುತ್ತಿರಲಿಲ್ಲ. ಸಂತೆಗೆ ಒಯ್ಯುವ ಮಡಕೆ ಕಡಿಮೆಯಾಗಿತ್ತು. ಮಗಳು ಒಂದು ದಿನ ಮಣ್ಣು ತುಳಿಯುತ್ತಾ ಕೇಳಿದಳು: “ಇಪ್ಪತ್ತಾರು ಊರಿಗೆ ಇಲ್ಲದ ಕಾಳಜಿ ನಿನಗೊಬ್ಬಳಿಗೆ ಯಾಕವ್ವಾ?”

“ಅವರಿಗೂ ಇದೆ. ಯಾರೋ ನೋಡುತ್ತಿದ್ದಾರೆ ಅಂದುಕೊಂಡಿದ್ದಾರೆ.”

“ಆ ಯಾರೋ ಎಂದು ಅವರು ಅಂದುಕೊಂಡಿರುವುದು ನಿನ್ನನ್ನಲ್ಲ.”

ಆ ಮಾತು ನಿಜವೆಂದು ದುರುಗವ್ವನಿಗೂ ಗೊತ್ತಿತ್ತು.

ಆರನೆಯ ವರ್ಷ ಸಸಿ ಮಾಡುವ ಕಾಲದಲ್ಲಿ ಅವಳು ಎರಡನೆಯ ಕಾಲುವೆಗೆ ಹೋದಳು. ಗೆರೆ ಬರೆದು ಅಂದಿಗೆ ಮೂರನೆಯ ದಿನ. ಎರಡೂ ಬಟ್ಟಲುಗಳನ್ನು ತೇಲಿಸಿದಳು. ಅವಳದು ಮುಳುಗಿತು. ಅವರದು ಇನ್ನೂ ತೇಲುತ್ತಿತ್ತು. ಅವಳು ಅಲ್ಲಾಡದೆ ಕುಳಿತಳು. ತನ್ನ ಬಟ್ಟಲನ್ನು ಎತ್ತಿ ಮತ್ತೆ ತೇಲಿಸಿದಳು. ಅದು ಕಾಲು ಭಾಗ ತುಂಬುವ ಹೊತ್ತಿಗೆ ಅವರ ಬಟ್ಟಲು ಮುಳುಗಿತು. ಅದನ್ನು ತೆಗೆದು ತಿರುಗಿಸಿ ತೂತಿನ ಸುತ್ತ ಉಗುರು ಆಡಿಸಿದಳು. ಉಗುರಿಗೆ ಮೇಣ ಬಂತು.

ಆ ಕಾಲುವೆಯ ಯಜಮಾನ ಅಲ್ಲೇ ನಿಂತಿದ್ದ. ಹತ್ತೂರಿನಲ್ಲಿ ಮರ್ಯಾದೆಯಿದ್ದ ರೈತ. “ಬಟ್ಟಲು ನಿನ್ನದು. ಅದರ ಮೇಲಿನ ಹೆಬ್ಬೆರಳು ನಿನ್ನದು. ತಪ್ಪಿದ್ದರೆ ಅದೂ ನಿನ್ನದೇ” ಎಂದ.

“ಮೇಣ ನನ್ನದಲ್ಲ” ಎಂದು ಹೇಳಿ ಅವಳು ಎರಡೂ ಬಟ್ಟಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಹೊತ್ತು ಮುಳುಗಿದರೆ ಗೆರೆ ಕಲ್ಲಾಗುತ್ತದೆ. ಅವಳು ಓಡುವ ವಯಸ್ಸಿನವಳಲ್ಲ, ಆದರೂ ಓಡಿದಳು. ಏರಿ ಹತ್ತುವಾಗ ಕಲ್ಲುಕುಟಿಗ ಸುಣ್ಣದ ಗೆರೆಯ ಮೇಲೆ ಉಳಿ ಇಟ್ಟು ಸುತ್ತಿಗೆ ಎತ್ತಿದ್ದ. “ತಡಿ, ತಡಿ” ಎಂದು ಕೂಗಿದಳು. ಉಸಿರು ಸಾಲದೆ ಅಲ್ಲೇ ಕುಳಿತಳು.

ಉಳಿದ ಕಾಲುವೆಗಳಿಂದ ಬಟ್ಟಲುಗಳನ್ನು ತರಿಸಿದರು. ಎಲ್ಲರ ಎದುರು ಒಟ್ಟಿಗೆ ತೇಲಿಸಿದರು. ನಾಲ್ಕು ಕಾಲುವೆಗಳ ಬಟ್ಟಲು ಮತ್ತು ದುರುಗವ್ವನ ಬಟ್ಟಲು ಒಂದೇ ಗಳಿಗೆಯಲ್ಲಿ ಮುಳುಗಿದವು. ಮೇಣದ ಬಟ್ಟಲು ತೇಲುತ್ತಲೇ ಇತ್ತು. ಯಜಮಾನ ತಲೆ ತಗ್ಗಿಸಿದ. ಗೆರೆಯನ್ನು ಅಳಿಸಿದರು. ಎರಡನೆಯ ಕಾಲುವೆಯ ಬಾಗಿಲಿಗೆ ಹದಿನೈದು ದಿನ ಅಡ್ಡಪಟ್ಟಿ ಬಿತ್ತು.

ಜನ ದುರುಗವ್ವನನ್ನು ಹೊಗಳಿದರು. ಅವಳಿಗೂ ಅಂದು ಸಮಾಧಾನವಾಯಿತು.

ನಾಲ್ಕು ದಿನವಾದ ಮೇಲೆ ಎರಡನೆಯ ಕಾಲುವೆಯ ಕಡೆಯಿಂದ ಒಬ್ಬ ಹೆಂಗಸು ಅವಳ ಮನೆ ಹುಡುಕಿಕೊಂಡು ಬಂದಳು. ಅಂಗಳದಲ್ಲೇ ನಿಂತು, “ಮೇಣ ಹಚ್ಚಿದವನು ಕಾಲುವೆಯ ಯಜಮಾನ. ನಮ್ಮ ಕಾಲುವೆಯಲ್ಲಿ ಏಳು ಊರಿದೆ. ನನಗೆ ಏನೂ ಗೊತ್ತಿರಲಿಲ್ಲ. ನನ್ನ ಸಸಿಮಡಿ ಸಾಯುತ್ತಿದೆ” ಎಂದಳು. ಬೈಯಲಿಲ್ಲ. ಹೇಳಿ ನಿಂತುಕೊಂಡಳು.

ದುರುಗವ್ವ ಐದೂ ಕಾಲುವೆಗಳ ಯಜಮಾನರ ಹತ್ತಿರ ಹೋದಳು. ತಪ್ಪು ಮಾಡಿದವನ ಹೊಲಕ್ಕೆ ಮಾತ್ರ ನೀರು ನಿಲ್ಲಿಸಿ, ಉಳಿದವರಿಗೆ ಬಿಡಿ ಎಂದು ಕೇಳಿದಳು. ಅವರಲ್ಲಿ ಒಬ್ಬನೂ ಇದು ಅನ್ಯಾಯವಲ್ಲ ಎನ್ನಲಿಲ್ಲ. ಆದರೆ ಕಟ್ಟಳೆ ಬದಲಾಗಬೇಕಾದರೆ ಇಪ್ಪತ್ತಾರು ಊರೂ ಸೇರಬೇಕು, ಸೇರುವಷ್ಟರಲ್ಲಿ ಹದಿನೈದು ದಿನ ಕಳೆದಿರುತ್ತದೆ ಎಂದರು. ಬಡಗಿ ಬದುಕಿದ್ದರೆ ಅವನನ್ನಾದರೂ ಕೇಳಬಹುದಿತ್ತು. ಅವನು ಹಿಂದಿನ ವರ್ಷವೇ ತೀರಿಕೊಂಡಿದ್ದ.

ಅವಳು ಮನೆಗೆ ಬಂದು ಮಾರಲು ಇಟ್ಟಿದ್ದ ಮಡಕೆಗಳಲ್ಲಿ ದೊಡ್ಡವನ್ನು ಆರಿಸಿದಳು. ತಾಯಿ ಮಗಳು ಇಬ್ಬರೂ ಆ ಹೆಂಗಸಿನ ಊರಿಗೆ ಹೋಗಿ, ಅಲ್ಲಿನ ಸೇದುವ ಬಾವಿಯಿಂದ ಸಸಿಮಡಿಗೆ ನೀರು ಹೊತ್ತರು. ಹನ್ನೊಂದು ದಿನ ಹೊತ್ತರು. ಮೂರು ಮಡಿಗಳಲ್ಲಿ ಒಂದು ಉಳಿಯಿತು. ಹೊರಡುವಾಗ ಆ ಹೆಂಗಸು ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ದಾರಿಯಲ್ಲಿ ಮಗಳು, “ಇನ್ನು ಬಿಟ್ಟುಬಿಡವ್ವಾ” ಎಂದಳು.

ಮುಂದಿನ ಪಕ್ಷ ದುರುಗವ್ವ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೂರನೆಯ ಕಾಲುವೆಗೆ ಹೋದಳು. ಹೋಗುವಾಗ, ಈ ಸಲ ಏನೂ ಸಿಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಏನೂ ಸಿಗಲಿಲ್ಲ.

ಆಮೇಲೆ ಯಾರೂ ಬಟ್ಟಲಿಗೆ ಕೈ ಹಚ್ಚಲಿಲ್ಲ. ಯಾವ ಪಕ್ಷ ಯಾರ ಬಾಗಿಲಿಗೆ ಅವಳು ಬರುತ್ತಾಳೋ ತಿಳಿಯದು. ತಿಳಿಯದ ಕಾರಣ ಎಲ್ಲರೂ ಎಲ್ಲ ಪಕ್ಷವೂ ಸರಿಯಾಗಿದ್ದರು. ಕೆಳಗಿನ ಊರಿಗೂ ಮೇಲಿನ ಊರಿನಷ್ಟೇ ನೀರು ಬಂತು. ಕೆರೆಯ ಕೀರ್ತಿ ದೂರ ಹೋಯಿತು. ಬೇರೆ ಸೀಮೆಯಿಂದ ಜನ ನೋಡಲು ಬಂದರು. ಬಂದವರನ್ನು ಏರಿಯ ಮೇಲೆ ಕರೆದೊಯ್ದು ಚಪ್ಪಡಿ ತೋರಿಸುತ್ತಿದ್ದರು. ಅವರು ಕಟ್ಟಳೆಯನ್ನು ಅಕ್ಷರ ಬಿಡದೆ ಬರೆದುಕೊಂಡರು, ದಾರ ಹೇಗೆ ಜಗ್ಗುತ್ತದೆ, ಬಾಗಿಲು ಹೇಗೆ ಬೀಳುತ್ತದೆ ಎಂಬುದರ ಚಿತ್ರ ತೆಗೆದುಕೊಂಡರು. “ಇಲ್ಲಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ!” ಎಂದು ಬೆರಗಾದರು. ತಮ್ಮ ಕೆರೆಗಳಲ್ಲೂ ಹೀಗೇ ಮಾಡುತ್ತೇವೆ ಎಂದು ಹೊರಟರು. ಒಮ್ಮೆ ಅಂಥವರ ಗುಂಪು ಏರಿಯಿಂದ ಇಳಿಯುವಾಗ ದುರುಗವ್ವ ಎದುರಿನಿಂದ ಹತ್ತುತ್ತಿದ್ದಳು. ಅವರು ದಾರಿ ಬಿಟ್ಟು ಸರಿದು ನಿಂತರು.

ಹನ್ನೆರಡನೆಯ ವರ್ಷ ಅವಳ ಮಂಡಿ ಸೋತಿತು. ಚಕ್ರದ ಮುಂದೆ ಕೂತರೆ ಏಳಲು ಮಗಳ ಕೈ ಬೇಕಾಯಿತು. ಅವಳು ಊರ ಹಿರಿಯನನ್ನು ಕರೆಸಿ, “ನನ್ನಿಂದ ಇನ್ನು ನಡೆಯಲು ಆಗುವುದಿಲ್ಲ. ಯಾರನ್ನಾದರೂ ಗೊತ್ತುಮಾಡಿ” ಎಂದಳು.

“ಯಾಕಮ್ಮಾ? ಈಗ ಎಲ್ಲ ಸರಿಯಾಗಿದೆಯಲ್ಲ. ಆರು ವರ್ಷದಿಂದ ಒಂದು ಗೆರೆಯೂ ಅಳಿಸಿಲ್ಲ.”

“ನಾನು ಹೋಗುತ್ತಿದ್ದೆ, ಅದಕ್ಕೆ ಅಳಿಸಿಲ್ಲ.”

ಅವನು ನಕ್ಕ. ಕೆಟ್ಟ ನಗು ಅಲ್ಲ. ವಯಸ್ಸಾದವರ ಮಾತಿಗೆ ನಗುವ ನಗು. ನೋಡೋಣ, ಯಾರನ್ನಾದರೂ ಹೇಳಿ ಕಳಿಸೋಣ ಎಂದ. ಹೇಳಿ ಕಳಿಸಬೇಕೆಂದೇ ಇದ್ದ. ಆಮೇಲೆ ಬಿತ್ತನೆ ಬಂತು, ಕೊಯಿಲು ಬಂತು.

ಎರಡು ವರ್ಷ ಏನೂ ಆಗಲಿಲ್ಲ. ಅವಳು ಬರುವುದಿಲ್ಲವೆಂದು ಮೇಲಿನವರಿಗೆ ಖಚಿತವಾಗಲು ಅಷ್ಟು ಕಾಲ ಬೇಕಾಯಿತು. ಮೂರನೆಯ ವರ್ಷ ಮೊದಲನೆಯ ಕಾಲುವೆಯ ಬಟ್ಟಲು ಒಡೆಯಿತು. ಅವರು ಸಂತೆಯಿಂದ ಇನ್ನೊಬ್ಬ ಕುಂಬಾರನ ಬಟ್ಟಲು ತಂದರು. ಅದರ ತೂತು ಸ್ವಲ್ಪ ಸಣ್ಣದು. ಬೇಕೆಂದೇ ತಂದದ್ದಲ್ಲ. ತಂದ ಮೇಲೆ ನೀರು ಹೆಚ್ಚು ಹೊತ್ತು ಹರಿಯುವುದು ಕಾಣಿಸಿತು. ಕಂಡವರು ಸುಮ್ಮನಿದ್ದರು. ಎರಡನೆಯ ಕಾಲುವೆಯವರಿಗೆ ಇದು ತಿಳಿಯಿತು. ದೂರು ಕೊಡುವ ಬದಲು ಅವರೂ ಅದೇ ಕುಂಬಾರನ ಬಳಿ ಹೋದರು. ಆಮೇಲೆ ಮೂರನೆಯವರು ಹೋದರು. ನಾಲ್ಕನೆಯವರು, ತಮಗೊಬ್ಬರಿಗೇ ಯಾಕೆ ನಷ್ಟ ಎಂದು ಹೋದರು. ಯಾರಿಗೂ ತಾವು ಕದ್ದೆವು ಎನಿಸಲಿಲ್ಲ. ಪಕ್ಷಕ್ಕೊಮ್ಮೆ ಸುಣ್ಣದ ಗೆರೆ ಬೀಳುತ್ತಿತ್ತು, ಮೂರು ದಿನ ಬಿಸಿಲಿಗೆ ಒಣಗುತ್ತಿತ್ತು, ಕಲ್ಲುಕುಟಿಗ ಬಂದು ಕೊರೆಯುತ್ತಿದ್ದ.

ಐದನೆಯ ಕಾಲುವೆಯ ಸರದಿ ಎಲ್ಲರಿಗಿಂತ ಕೊನೆಗೆ. ಮೇಲಿನ ನಾಲ್ವರ ಬಟ್ಟಲು ನಿಧಾನವಾದಷ್ಟೂ ಅವರ ಪಾಲಿನ ದಿನಗಳು ಕರಗಿದವು. ಹದಿನೈದನೆಯ ದಿನ ಕೆರೆಯ ಬಾಗಿಲು ತಾನಾಗಿಯೇ ಬೀಳುತ್ತಿತ್ತು. ದುರುಗವ್ವನ ಊರಿಗೆ ನೀರು ಮೊದಲು ತಡವಾಗಿ ಬಂತು. ಆಮೇಲೆ ಪಾದ ಮುಳುಗುವಷ್ಟು ಬಂತು. ಒಂದು ಪಕ್ಷ ಬರಲೇ ಇಲ್ಲ. ಊರ ಹಿರಿಯ ಏರಿಗೆ ಹೋಗಿ ಚಪ್ಪಡಿಯನ್ನು ಮೂರು ಸಲ ಓದಿದ. ಎಲ್ಲ ಗೆರೆಗಳೂ ಕ್ರಮವಾಗಿದ್ದವು. ಯಾರೂ ತಮ್ಮ ಪಾಲಿಗಿಂತ ಒಂದು ಬಟ್ಟಲು ಹೆಚ್ಚು ತೆಗೆದುಕೊಂಡಿರಲಿಲ್ಲ. ಅವನು ಅಲ್ಲಿಂದ ನೇರವಾಗಿ ದುರುಗವ್ವನ ಮನೆಗೆ ಬಂದ.

ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಮೊದಲನೆಯ ಕಾಲುವೆಯಲ್ಲಿ ಅವಳು ತನ್ನ ಬಟ್ಟಲನ್ನು ತೇಲಿಸಿದಳು. ಅದು ಮುಳುಗಿದ ಮೇಲೂ ಅವರದು ತೇಲಿತು. ಅವಳು ದೂರು ಕೊಟ್ಟಳು. ಅಂದು ಗೆರೆ ಬರೆದು ಎರಡನೆಯ ದಿನ, ಹೊತ್ತು ಮೀರಿರಲಿಲ್ಲ. ಕಟ್ಟಳೆಯಂತೆ ಐದೂ ಕಾಲುವೆಗಳ ಬಟ್ಟಲು ತರಿಸಿದರು. ಏರಿಯ ಮೇಲೆ ಜನ ಸೇರಿದರು. ಎಷ್ಟೋ ವರ್ಷದ ಮೇಲೆ ಅಷ್ಟು ಜನ ಸೇರಿದ್ದು.

ಬಟ್ಟಲುಗಳನ್ನು ಒಟ್ಟಿಗೆ ನೀರಿಗೆ ಬಿಟ್ಟರು. ದುರುಗವ್ವನ ಬಟ್ಟಲೂ ಐದನೆಯ ಕಾಲುವೆಯ ಬಟ್ಟಲೂ ಮೊದಲು ಮುಳುಗಿದವು. ಉಳಿದ ನಾಲ್ಕೂ ತೇಲಿದವು, ಆಮೇಲೆ ನಾಲ್ಕೂ ಒಂದೇ ಗಳಿಗೆಯಲ್ಲಿ ಮುಳುಗಿದವು.

“ನಾಲ್ಕು ಹೊಂದುತ್ತವೆ. ಎರಡು ಹೊಂದುವುದಿಲ್ಲ. ನಿನ್ನವು ಹಳೆಯವು, ತೂತು ಸವೆದಿದೆ” ಎಂದರು. ಹೇಳಿದವರಲ್ಲಿ ಕೆಲವರು ಅದನ್ನು ನಿಜವಾಗಿಯೂ ನಂಬಿದ್ದರು.

ದುರುಗವ್ವ ತನ್ನ ಬಟ್ಟಲನ್ನು ನೀರಿನಿಂದ ಎತ್ತಿ ತೂತಿನ ಮೇಲೆ ಬೆರಳಾಡಿಸಿದಳು. ಒಂದು ಕ್ಷಣ ಅವಳಿಗೇ ಸಂಶಯ ಬಂತು. ಮತ್ತೊಮ್ಮೆ ಆಡಿಸಿದಳು. ತೂತಿನ ಅಂಚು ಹಾಗೇ ಇತ್ತು. ಸೂಜಿ ಚುಚ್ಚಿದ ದಿನ ಹೇಗಿತ್ತೋ ಹಾಗೇ ಇತ್ತು. ಅದನ್ನು ಅವಳ ಬೆರಳು ಬಲ್ಲದು, ಬೇರೆ ಯಾರಿಗೆ ತೋರಿಸುವುದು? ಅವಳು ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡಳು.

ದೂರು ಸುಳ್ಳೆಂದು ತೀರ್ಮಾನವಾಯಿತು. ಐದನೆಯ ಕಾಲುವೆಯ ಬಾಗಿಲಿಗೆ ಅಡ್ಡಪಟ್ಟಿ ಬಿತ್ತು.

ಆ ಹದಿನೈದು ದಿನದಲ್ಲಿ ಕೊನೆಯ ಊರಿನ ಪೈರು ಹೋಯಿತು. ಮುಂದಿನ ಬಿತ್ತನೆಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೊಂದೇ ಮನೆಯವರು ದನಕರು ಹೊಡೆದುಕೊಂಡು ಹೊಳೆಯ ಆಚೆಯ ಸೀಮೆಗೆ ಹೊರಟರು. ದುರುಗವ್ವ ಮತ್ತು ಮಗಳು ಒಬ್ಬ ನೆಂಟನ ಗಾಡಿಯಲ್ಲಿ ಹೋದರು. ಚಕ್ರಕ್ಕೆ ಗಾಡಿಯಲ್ಲಿ ಜಾಗ ಸಾಲಲಿಲ್ಲ. ಅದನ್ನು ಅಂಗಳದಲ್ಲೇ ಬಿಟ್ಟರು. ಚಪ್ಪಡಿಯ ಮೇಲೆ ಆ ಪಕ್ಷದ ಗೆರೆಯನ್ನು ಹೊತ್ತಿಗೆ ಸರಿಯಾಗಿ ಕೊರೆದರು.

ಅಡವಯ್ಯನವರು ಕತೆ ನಿಲ್ಲಿಸಿದರು.

ಶಾಂಭವಿಯ ಮುಖ ತಿಳಿಯಾಯಿತು.

“ದಾರಿ ಕಾಣಿಸಿತು ಗುರುಗಳೇ. ಬಡಗಿಯ ಉಪಾಯ ಸರಿಯಾದದ್ದೇ. ಸಂಘಗಳು ಗುಂಪು ಗುಂಪಾಗಿ ತಮ್ಮೊಳಗೇ ನೂಲು ಹಂಚಿಕೊಳ್ಳಲಿ. ಸಾರಾಂಶವೊಂದನ್ನು ಮಾತ್ರ ಮೇಲಿನ ದಾಖಲೆಗೆ ಬರೆಯುತ್ತೇನೆ. ಬಟ್ಟಲಿನ ಬದಲು ಗಣಿತ ಇರುತ್ತದೆ, ಅದಕ್ಕೆ ಮೇಣ ಹಚ್ಚಲು ಬರುವುದಿಲ್ಲ. ಸರಿ ಯಾವುದೆಂದು ಹೆಚ್ಚಿನವರನ್ನು ಕೇಳಬೇಕಾಗಿಯೂ ಇಲ್ಲ. ಮೂರು ದಿನವಲ್ಲ, ಏಳು ದಿನ ಕೊಡುತ್ತೇನೆ. ಜಗತ್ತಿನಲ್ಲಿ ಯಾರು ಬೇಕಾದರೂ ತೆರೆದು ನೋಡಿ ತಪ್ಪು ಹಿಡಿಯಬಹುದು.”

ಅಡವಯ್ಯನವರು ಕೇಳಿದರು: “ತೆರೆದು ನೋಡುವವರಲ್ಲಿ ಒಬ್ಬರ ಹೆಸರು ಹೇಳು.”